ಗೋಡೆಯೊಳಗಿನ ಜಾಯಿಂಟು

ಗೋಡೆಯೊಳಗೆ ಒಂದು ಜಾಯಿಂಟು ಇತ್ತು. ಅದು ಹೇಮಂತನಿಗೆ ಮಾತ್ರ ಗೊತ್ತಿತ್ತು.

ಗೋಡೆ ಹಳೇಬೀಡಿನದು, ಬಸದಿಗಳ ಹಿಂದಿನ ಬೀದಿಯಲ್ಲಿ ಶ್ರೀಪಾಲ್ ಅವರು ಕಟ್ಟಿಸಿದ ಹೊಸ ಮನೆಯದು. ಶ್ರೀಪಾಲ್ ಅರಸೀಕೆರೆಯ ಒಂದು ಪಿಯು ಕಾಲೇಜಿನಲ್ಲಿ ಗುಮಾಸ್ತರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಮನೆಯಲ್ಲಿ ಅವರ ಹೆಂಡತಿ ಜಿನಶ್ರೀ, ತಾಯಿ ಜಿನಮತಿ. ನಕ್ಷೆ ಹಾಕಿಸುವಾಗ ಹಾಲ್ ಮತ್ತು ಅಡುಗೆಮನೆ ನಡುವೆ ಗೋಡೆ ಬೇಡ, ತೆರೆದೇ ಇರಲಿ ಎಂದು ಜಿನಶ್ರೀ ಹೇಳಿದ್ದರು. ನೆಲಕ್ಕೆ ಟೈಲ್ಸ್ ಕೂತ ಮೇಲೆ ಜಿನಮತಿ ಒಂದು ಸಲ ಬಂದು ನೋಡಿ, ಬಾಗಿಲಲ್ಲಿ ಚಪ್ಪಲಿ ಬಿಡುವವನಿಗೂ ಒಲೆ ಕಾಣಿಸುತ್ತದೆ, ಇದು ಅಡುಗೆಮನೆಯಲ್ಲ ಹೋಟೆಲು ಎಂದರು. ಇಟ್ಟಿಗೆ ಗೋಡೆ ಎಬ್ಬಿಸಬೇಕೆಂದರೆ ಟೈಲ್ಸ್ ಕಿತ್ತು ಪಾಯ ತೆಗೆಯಬೇಕಿತ್ತು. ಹಾಗಾಗಿ ಜಿಪ್ಸಮ್ ಬೋರ್ಡಿನ ಗೋಡೆ ಎಂದು ತೀರ್ಮಾನವಾಯಿತು. ನಡುವೆ ತಗಡಿನ ಚೌಕಟ್ಟು, ಎರಡೂ ಕಡೆ ಬಿಳಿ ಹಲಗೆ, ಒಳಗೆ ನಾಲ್ಕು ಬೆರಳಿನಷ್ಟು ಟೊಳ್ಳು. ಬೋರ್ಡು ಅರಸೀಕೆರೆಯಿಂದ ಟೆಂಪೋದಲ್ಲಿ ಬಂತು. ಹಾರನಹಳ್ಳಿಯ ಕಿರಣ್ ಅದನ್ನು ನಿಲ್ಲಿಸಲು ಬಂದ.

ಗ್ಯಾಸ್ ಸಿಲಿಂಡರುಗಳು ಮನೆಯ ಹೊರಗೆ, ಪಕ್ಕದ ಓಣಿಯಲ್ಲಿ. ಅಲ್ಲಿಂದ ಹಳದಿ ಹೊದಿಕೆಯ ತಾಮ್ರದ ಪೈಪು ಒಲೆಯವರೆಗೆ ಬರಬೇಕು. ಮನೆಯ ಮುಂಭಾಗದಲ್ಲಿ, ಬಾಗಿಲ ಪಕ್ಕ, ಹಳದಿ ಪೈಪು ಓಡುವುದು ಜಿನಶ್ರೀಗೆ ಇಷ್ಟವಿರಲಿಲ್ಲ. ಹಾಲಿನಲ್ಲಿ ಕಾಣುವುದಂತೂ ಸಾಧ್ಯವೇ ಇಲ್ಲ. ಹೇಗೂ ಟೊಳ್ಳು ಗೋಡೆ ಇದೆಯಲ್ಲ, ಅದರೊಳಗೆ ಹಾಕಿ ಎಂದರು. ಹಾಗೆ ಹಾಕುವುದಕ್ಕೆ ದಾರಿ ಇದೆ. ಆ ದಾರಿ ಗೊತ್ತಿದ್ದರಿಂದ ಹೇಮಂತ ಒಪ್ಪಿಕೊಂಡ.

ಹೇಮಂತ ಗಂಡಸಿಯವನು. ಅರಸೀಕೆರೆಯಲ್ಲಿ ಐಟಿಐ ಮುಗಿಸಿ, ಬೇಲೂರಿನ ಒಂದು ಗ್ಯಾಸ್ ಏಜೆನ್ಸಿಯಲ್ಲಿ ಹಿರಿಯ ಫಿಟ್ಟರ್ ಸ್ವಾಮಿಯ ಕೈಕೆಳಗೆ ನಾಲ್ಕು ವರ್ಷ ಸಹಾಯಕನಾಗಿದ್ದ. ನಾಲ್ಕು ವರ್ಷ ಅವನು ಮಾಡಿದ ಕೆಲಸಕ್ಕೆಲ್ಲ ಸ್ವಾಮಿಯ ಸಹಿ. ಶ್ರೀಪಾಲ್ ಅವರ ಮನೆ ಅವನಿಗೆ ಒಬ್ಬನೇ ಮಾಡಲು ಸಿಕ್ಕ ಮೊದಲ ಕೆಲಸ. ಇಲ್ಲಿಯ ಪರೀಕ್ಷೆಯ ಫಾರಂ ತಕರಾರಿಲ್ಲದೆ ಏಜೆನ್ಸಿಗೆ ತಲುಪಿದರೆ ಅವನ ಹೆಸರು ಫಿಟ್ಟರುಗಳ ಪಟ್ಟಿಗೆ ಸೇರುತ್ತಿತ್ತು. ಆಮೇಲೆ ಅವನ ಕೆಲಸಕ್ಕೆ ಅವನದೇ ಸಹಿ.

ಗೋಡೆಯೊಳಗೆ ಪೈಪು ಹಾಕುವುದಕ್ಕೆ ಇರುವ ನಿಯಮಗಳು ಕಡಿಮೆ, ಆದರೆ ಕಟ್ಟುನಿಟ್ಟು. ಮೊದಲನೆಯದು, ಮುಚ್ಚಿಹೋಗುವ ಭಾಗದಲ್ಲಿ ಜಾಯಿಂಟು ಇರಕೂಡದು. ಒಂದೇ ಉದ್ದನೆಯ ಪೈಪು ಒಂದು ತುದಿಯಲ್ಲಿ ಒಳಗೆ ಹೋಗಿ ಇನ್ನೊಂದು ತುದಿಯಲ್ಲಿ ಹೊರಗೆ ಬರಬೇಕು. ಪೈಪು ಸೋರುವುದು ಬಹುಮಟ್ಟಿಗೆ ಜಾಯಿಂಟಿನಲ್ಲಿ, ಕಣ್ಣಿಗೆ ಕಾಣದ ಕಡೆ ಅದು ಇರಬಾರದು. ಈ ನಿಯಮ ಮುರಿದವನ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ.

ಸುರುಳಿ ಹದಿನೈದು ಮೀಟರಿನದು. ಅಳತೆ ಹಾಕಿದಾಗ ಹದಿನಾಲ್ಕೂವರೆ ಸಾಕಿತ್ತು. ಪೈಪು ಕತ್ತರಿಸಿ ಚೌಕಟ್ಟಿನ ತೂತುಗಳಲ್ಲಿ ರಬ್ಬರಿನ ಬಳೆ ಕೂರಿಸಿ ತೂರಿಸಿದ ಮೇಲೆ ಜಿನಶ್ರೀ ಬಂದು, ಒಲೆ ಈ ಮೂಲೆಯಲ್ಲಿ ಬೇಡ, ಅತ್ತೆಗೆ ಪೂರ್ವಕ್ಕೆ ಮುಖ ಮಾಡಿ ಅಡುಗೆ ಮಾಡಬೇಕಂತೆ, ಆ ಕಡೆ ಸರಿಸಿದರೆ ತೊಂದರೆಯಾ ಎಂದು ಕೇಳಿದರು. ಹೇಮಂತ, ಏನೂ ಇಲ್ಲ ಮೇಡಂ ಎಂದ. ಒಂದೂವರೆ ಅಡಿ ಕಡಿಮೆ ಬಿತ್ತು.

ಹೊಸ ಸುರುಳಿ ಹಾಸನದಲ್ಲಿ ಸಿಗುತ್ತಿತ್ತು. ಹೋಗಿ ಬರಲು ಅರ್ಧ ದಿನ. ಕಿರಣ್ ಮಾರನೆಯ ದಿನದಿಂದ ಗೆಂಡೆಹಳ್ಳಿಯಲ್ಲಿ ಬೇರೆ ಕೆಲಸ ಒಪ್ಪಿಕೊಂಡಿದ್ದ, ಗೋಡೆ ಇವತ್ತೇ ಮುಚ್ಚಬೇಕು ಎಂದು ಬೆಳಿಗ್ಗೆಯಿಂದ ಅವಸರಿಸುತ್ತಿದ್ದ. ಅವನು ಹೊರಗೆ ಬೋರ್ಡು ಕೊಯ್ಯುತ್ತಿದ್ದಾಗ ಹೇಮಂತ ಮಿಕ್ಕ ಪೈಪಿನ ತುಂಡಿಗೆ ಎರಡು ತುದಿ ಕೂಡಿಸುವ ಒಂದು ಕಪ್ಲರ್ ಹಾಕಿ, ಬೆಸುಗೆ ಮಾಡಿ ಸೇರಿಸಿದ. ಸ್ಕ್ರೂ ಜಾಯಿಂಟಲ್ಲ, ಬೆಳ್ಳಿ ಕಡ್ಡಿಯ ಬೆಸುಗೆ. ಮುಂಭಾಗ ಚೆನ್ನಾಗಿ ಕೂತಿತು. ಹಿಂಭಾಗ ಚೌಕಟ್ಟಿನ ತಗಡಿಗೆ ಹತ್ತಿರವಿದ್ದು ಕಾಣುತ್ತಿರಲಿಲ್ಲ. ಬೆರಳಾಡಿಸಿ ನೋಡಿದ, ನುಣ್ಣಗಿತ್ತು. ಗಾಳಿ ತುಂಬಿ ಗೇಜು ಕಟ್ಟಿದ. ಅರ್ಧ ಗಂಟೆ ಒತ್ತಡದ ಮುಳ್ಳು ಕದಲಲಿಲ್ಲ. ಪೈಪಿನ ಮುಂದೆ, ಸ್ಕ್ರೂ ಬೀಳಬಹುದಾದ ಕಡೆಯಲ್ಲೆಲ್ಲ ಉಕ್ಕಿನ ಪಟ್ಟಿ ಕಟ್ಟಿದ. ಕಿರಣ್ ಗೋಡೆ ಮುಚ್ಚಿದ.

ಕೊನೆಗೆ ಜಾಲರಿಗಳು. ಇದು ಎರಡನೆಯ ನಿಯಮ. ಟೊಳ್ಳಿಗೆ ಗಾಳಿ ಆಡಬೇಕು, ಅದಕ್ಕೆ ಗೋಡೆಯ ಬುಡದಲ್ಲೊಂದು, ತಲೆಯಲ್ಲೊಂದು ಕಿಂಡಿ. ಸ್ವಾಮಿ ಸಾಮಾನ್ಯವಾಗಿ ಅಂಗೈ ಅಗಲದ್ದು ಹಾಕಿಸುತ್ತಿದ್ದ. ಹೇಮಂತ ಎರಡು ಅಂಗೈ ಅಗಲ ಕೊಯ್ಯಲು ಹೇಳಿದ.

“ಏನ್ ಗುರು, ಪೈಪ್‌ಗೆ ಇಷ್ಟ್ ದೊಡ್ಡ ಮೂಗಾ?” ಎಂದ ಕಿರಣ್. “ನೆಗಡಿ ಗಿಗಡಿ ಆಗೈತಾ?”

“ಕೊಯ್ಯಪ್ಪ ನೀನು.”

ಜಿನಶ್ರೀ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. “ಹಾಲ್ ಗೋಡೆಗೆ ಜಾಲರಿನಾ? ಬಚ್ಚಲುಮನೆ ಥರ ಕಾಣುತ್ತೆ ಕಣ್ರೀ.”

“ಇದಿಲ್ದಿದ್ರೆ ಆಗಲ್ಲ ಮೇಡಂ.”

“ಸೋಫಾ ಹಿಂದೆ ಬರೋ ಹಾಗೆ ಮಾಡಿ ಮತ್ತೆ.”

“ಆಗ ಸೋಫಾಕ್ಕೆ ಗಾಳಿ ಆಡುತ್ತೆ, ಗೋಡೆಗಲ್ಲ.”

ಅವರು ಗೊಣಗಿಕೊಂಡು ಒಪ್ಪಿದರು. ಹೇಮಂತ ಪೈಪು ಎಲ್ಲೆಲ್ಲಿ ಹೋಗಿದೆ ಎಂದು ಒಂದು ಹಾಳೆಯಲ್ಲಿ ಅಳತೆ ಸಮೇತ ಬರೆದು, ಮುಂದೆ ಯಾರಾದರೂ ಮೊಳೆ ಹೊಡೆಯುವ ಮೊದಲು ನೋಡಲಿ ಎಂದು ಅಡುಗೆಮನೆಯ ಕಪಾಟಿನ ಒಳಬಾಗಿಲಿಗೆ ಅಂಟಿಸಿದ. ಜಾಯಿಂಟು ಇದ್ದ ಜಾಗದಲ್ಲಿ ಗೆರೆಯನ್ನು ನಿಲ್ಲಿಸದೆ ಎಳೆದ.

*

ಹನ್ನೆರಡು ದಿನ ಕಳೆದು, ಬಣ್ಣ ಒಣಗಿದ ಮೇಲೆ, ಸಿಲಿಂಡರ್ ಜೋಡಿಸಿ ಫಾರಂಗೆ ಸಹಿ ಹಾಕಲು ಹೇಮಂತ ಬೇಲೂರಿನಿಂದ ಬೈಕಿನಲ್ಲಿ ಬಂದ. ಬೆಳಿಗ್ಗೆ ಹತ್ತು ಗಂಟೆ. ಶ್ರೀಪಾಲ್ ರಜೆ ಹಾಕಿ ಮನೆಯಲ್ಲಿದ್ದರು.

“ಸರಿಯಾದ ಸಮಯಕ್ಕೆ ಬಂದ್ರಿ. ನಾಳೆ ಮುನಿಸಂಘ ಬರ್ತಿದೆ. ಮೂರು ದಿನ ಹಳೇಬೀಡಲ್ಲೇ ಇರ್ತಾರೆ. ನಮ್ಮನೇಲೂ ಚೌಕ ಹಾಕ್ತೀವಿ.”

ಚೌಕವೆಂದರೆ ಏನೆಂದು ಹೇಮಂತನಿಗೆ ಅಷ್ಟಿಷ್ಟು ಗೊತ್ತಿತ್ತು. ದಿಗಂಬರ ಮುನಿಗಳು ದಿನಕ್ಕೆ ಒಂದೇ ಸಲ, ನಿಂತು, ಅಂಗೈಯಲ್ಲಿ ಆಹಾರ ತೆಗೆದುಕೊಳ್ಳುತ್ತಾರೆ. ಅದಕ್ಕಾಗಿ ಅಡುಗೆಮನೆಯನ್ನು ಶುದ್ಧ ಮಾಡಿ, ಬಾವಿಯ ನೀರನ್ನು ಸೋಸಿ, ನಸುಕಿನಿಂದ ಅಡುಗೆ ಮಾಡುತ್ತಾರೆ. ಚೌಕ ಶುರುವಾದ ಮೇಲೆ ಸ್ನಾನ ಮಾಡಿ ಮಡಿಬಟ್ಟೆ ಉಟ್ಟವರಿಗೆ ಮಾತ್ರ ಒಳಗೆ ಪ್ರವೇಶ. ಜೈನನಲ್ಲದ ಹೇಮಂತನಿಗೆ ಸ್ನಾನ ಮಾಡಿದರೂ ಇಲ್ಲ. ಅದನ್ನು ಯಾರೂ ಅವನಿಗೆ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಹಾಲಿಗೆ ಬಂದು ಚೀಲ ಇಳಿಸಿ ಗೋಡೆ ನೋಡಿದ. ತಿಳಿ ಕೆನೆ ಬಣ್ಣ. ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ. ಜಾಲರಿಗಳು ಇರಲಿಲ್ಲ.

ಹತ್ತಿರ ಹೋಗಿ ಬುಡದಲ್ಲಿ ಬೆರಳಿನಿಂದ ತಟ್ಟಿದ. ಕೊಯ್ದ ಕಿಂಡಿಗೆ ಅಳತೆಯ ಬೋರ್ಡಿನ ತುಂಡು ಕೂರಿಸಿ, ಪಟ್ಟಿ ಅಂಟಿಸಿ, ಪುಟ್ಟಿ ಬಳಿದಿದ್ದರು. ಅಚ್ಚುಕಟ್ಟಾದ ಕೆಲಸ. ಕಿರಣ್‌ನದೇ ಕೈ.

ಜಿನಮತಿ ಹಾಲಿನ ಮೂಲೆಯಲ್ಲಿ ಕುಳಿತು ಮೊರದಲ್ಲಿ ಗೋಧಿ ಆರಿಸುತ್ತಿದ್ದರು. ಹುಳ ಸಿಕ್ಕರೆ ಬೆರಳಲ್ಲಿ ತೆಗೆಯದೆ, ಒಂದು ಕೋಳಿಪುಕ್ಕದಷ್ಟು ಮೆತ್ತಗಿನ ಬಟ್ಟೆಯ ತುದಿಗೆ ಹತ್ತಿಸಿಕೊಂಡು ಪಕ್ಕದ ಬಟ್ಟಲಿಗೆ ಬಿಡುತ್ತಿದ್ದರು.

“ಅಜ್ಜಿ, ಇಲ್ಲಿ ಜಾಲರಿ ಇತ್ತಲ್ಲ?”

“ಇತ್ತು. ಮುಚ್ಚಿಸ್ದೆ.”

“ಯಾಕೆ?”

“ಇರುವೆ ಹೋಗ್ತಿದ್ವು ಕಣಪ್ಪ. ಸಾಲು ಹಿಡ್ಕಂಡು, ಮದ್ವೆ ಊಟಕ್ಕೆ ಹೋದಂಗೆ. ಮೇಲ್ಗಡೆದ್ರಲ್ಲಿ ಒಂದ್ ಹಲ್ಲಿ. ಒಳಗ್ ಹೋದವು ಏನ್ ತಿಂತವೆ, ಎಲ್ಲಿ ಸಾಯ್ತವೆ, ಯಾರು ಕಂಡೋರು? ಗೋಡೆ ತುಂಬ ಜೀವ ಸಾಯೋ ಮನೇಲಿ ಮುನಿಗಳಿಗೆ ಆಹಾರ ನೀಡೋಕಾಗುತ್ತಾ? ಒಂದ್ ಸತ್ತ ಇರುವೆ ಗಾಳಿಗೆ ತೇಲ್ಕಂಡು ಬಂದು ಅವರ ಅಂಗೈಲಿ ಬಿತ್ತು ಅನ್ನು. ಅಂತರಾಯ. ಅಲ್ಲಿಗೆ ನಿಲ್ಲಿಸಿ ಹೊರಟ್‌ಬಿಡ್ತಾರೆ. ನಾಳೆವರ್ಗೂ ಉಪವಾಸ. ಅದ್ಯಾರ ತಲೆಗೆ?”

“ಮುಚ್ಚಿದ್ರೆ ಒಳಗಿರೋವು ಸಾಯಲ್ವಾ?”

ಜಿನಮತಿ ಮೊರ ಕೆಳಗಿಟ್ಟರು. ಈ ಪ್ರಶ್ನೆಗೆ ಅವರು ಕಾದಿದ್ದಂತಿತ್ತು.

“ನಾನೇನ್ ಹಂಗೇ ಮುಚ್ಚಿಸ್ದೆ ಅಂದ್ಕಂಡ್ಯಾ? ಮೂರ್ ದಿನ ಈಚೆ ಬೆಲ್ಲ ಇಟ್ಟೆ. ಒಂದೊಂದಾಗಿ ಎಲ್ಲಾ ಬಂದ್ವು. ಹಲ್ಲಿ ಮಾತ್ರ ಹಟ ಮಾಡ್ತು, ನಾಕ್ನೇ ದಿನಕ್ ಬಂತು. ಟಾರ್ಚ್ ಬಿಟ್ಟು ನೋಡ್ದೆ, ಮಗನ ಕೈಲೂ ನೋಡಿಸ್ದೆ. ಆಮೇಲೇ ಆ ಹುಡುಗನ್ ಕರೆಸಿ ಮುಚ್ಚಿಸಿದ್ದು. ಒಂದ್ ಜೀವನೂ ಒಳಗಿಲ್ಲ. ನೀನ್ ಹೆದರ್ಬೇಡ.”

ಶ್ರೀಪಾಲ್ ತಲೆಯಾಡಿಸಿದರು. “ನಾನೇ ನೋಡಿದೀನಿ.”

ಹೇಮಂತ ಹೊರಗೆ ಹೋಗಿ ಕಿರಣ್‌ಗೆ ಫೋನ್ ಮಾಡಿದ.

“ಯಾರನ್ನ ಕೇಳಿ ಮುಚ್ಚಿದ್ಯೋ?”

“ಅಜ್ಜಿ ಕರೆದ್ರು, ಹೋದೆ. ಎಳ್ನೀರ್ ಕೊಟ್ರು, ಕುಡ್ದೆ. ಮುಚ್ಚು ಅಂದ್ರು, ಮುಚ್ದೆ. ಗೋಡೆ ಅವರ್ದಾ ನಿಂದಾ?”

ಹೇಮಂತ ಫೋನ್ ಕಟ್ ಮಾಡಿದ.

ಒಳಗೆ ಬಂದು ಹೇಮಂತ ತನಗೆ ತಿಳಿದಷ್ಟು ಹೇಳಿದ. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ. ಬುಡದಲ್ಲಿ ಜಾಲರಿ ಇದ್ದರೆ ಅದು ಹಾಲಿಗೆ ಬರುತ್ತದೆ, ಮೂಗಿಗೆ ಗೊತ್ತಾಗುತ್ತದೆ, ಯಾರಾದರೂ ಓಡಿಹೋಗಿ ರೆಗ್ಯುಲೇಟರ್ ಆಫ್ ಮಾಡುತ್ತಾರೆ. ಮುಚ್ಚಿದ ಗೋಡೆಯಲ್ಲಿ ಅದು ಸದ್ದಿಲ್ಲದೆ ತುಂಬಿಕೊಳ್ಳುತ್ತದೆ. ಅದೇ ಗೋಡೆಯಲ್ಲಿ ಅಡುಗೆಮನೆಯ ಸ್ವಿಚ್ ಬೋರ್ಡ್ ಇದೆ.

ಜಿನಮತಿ ಪೂರ್ತಿ ಕೇಳಿದರು.

“ಸೋರಿದ್ರೆ ತಾನೆ ಇದೆಲ್ಲಾ?”

“ಹೂಂ.”

“ಸೋರುತ್ತಾ?”

“ಇಲ್ಲ.”

“ಮತ್ತೆ? ತೂತಿಲ್ಲದ ಪೈಪಿಗೆ ತೂತಿರೋ ಗೋಡೆ ಯಾಕ್ ಬೇಕು?”

“ಅದು ರೂಲ್ಸ್ ಅಜ್ಜಿ.”

“ಯಾರ್ದು?”

“ಕಂಪನಿದು.”

“ಕಂಪನಿಯೋರು ಇರುವೆ ಕಂಡಿಲ್ಲ.”

ಜಿನಶ್ರೀ ಅಡುಗೆಮನೆಯೊಳಗಿಂದ ನಕ್ಕರು. ಜಾಲರಿ ಹೋದದ್ದು ಅವರಿಗೆ ಬೇರೆ ಕಾರಣಕ್ಕೆ ಸಂತೋಷವಾಗಿತ್ತು.

“ಸಣ್ಣ ಕಣ್ಣಿನ ಮೆಶ್ ಹಾಕಿಕೊಡ್ತೀನಿ,” ಎಂದ ಹೇಮಂತ. “ಇರುವೆ ನುಗ್ಗಲ್ಲ.”

“ನುಗ್ಗಕ್ ಹೋಗಿ ಸಿಕ್ಕಾಕಂಡು ಸಾಯ್ತದೆ. ಅದಿನ್ನೂ ಚೆಂದ.”

ಸಣ್ಣ ಮೆಶ್ ಆರು ತಿಂಗಳಲ್ಲಿ ಧೂಳು, ಒಗ್ಗರಣೆಯ ಜಿಡ್ಡು ಹಿಡಿದು ಗೋಡೆಯಷ್ಟೇ ಗಟ್ಟಿಯಾಗುತ್ತದೆಂದು ಹೇಮಂತನಿಗೂ ಗೊತ್ತಿತ್ತು. ಅವನು ಒತ್ತಾಯಿಸಲಿಲ್ಲ.

ಗಾಳಿ ತುಂಬಿ ಗೇಜು ಕಟ್ಟಿದ. ಶ್ರೀಪಾಲ್ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಗಡಿಯಾರ ನೋಡುತ್ತಾ ಕುಳಿತರು. ಅರ್ಧ ಗಂಟೆ ಎಂದು ಹೇಳಿದ್ದರೂ ನಲವತ್ತು ನಿಮಿಷ ನೋಡಿದರು. ಮುಳ್ಳು ಕದಲಲಿಲ್ಲ.

“ಪಾಸ್?” ಎಂದು ಕೇಳಿದರು.

“ಒಂದ್ ನಿಮಿಷ ಸಾರ್. ಆಫೀಸಿಗೆ ಕೇಳ್ತೀನಿ.”

ಓಣಿಯಲ್ಲಿ ಇನ್ನೂ ಜೋಡಿಸದ ಎರಡು ಸಿಲಿಂಡರುಗಳ ನಡುವೆ ನಿಂತು ಸ್ವಾಮಿಗೆ ಫೋನ್ ಮಾಡಿದ.

“ಗೇಜ್ ನಿಂತೈತಾ?” ಎಂದ ಸ್ವಾಮಿ.

“ನಿಂತಿದೆ. ಜಾಲರಿ ಮುಚ್‌ಬಿಟ್ಟಿದಾರೆ ಅಣ್ಣ.”

“ಮುಚ್ಚಿದ್ರೆ ಮುಚ್ಕಳ್ಳಿ. ಮನೆಯೋರೇ ಮುಚ್ಚಿದಾರೆ ಅಂತ ಫಾರಂನಲ್ಲಿ ಒಂದ್ ಸಾಲು ಗೀಚು, ಅವರ ಕೈಲೊಂದು ಸಹಿ ಹಾಕಿಸ್ಕೋ, ನಿಂದೊಂದ್ ಹಾಕು, ಬಾ. ಜಾಯಿಂಟಿಲ್ಲದ ಲೈನು ಕಣ್ಲಾ. ಅದಕ್ಕೇನಾಗುತ್ತೆ?”

ಹೇಮಂತ ಸಿಲಿಂಡರಿನ ಮೇಲಿನ ಧೂಳು ಒರೆಸುತ್ತಿದ್ದ.

“ಏನ್ಲಾ? ಕೇಳುಸ್ತಾ?”

“ಕೇಳುಸ್ತು.”

“ಮೊದ್ಲನೇ ಕೆಲ್ಸ, ಭಯ ಇರುತ್ತೆ. ನನಗೂ ಇತ್ತು. ಹಾಕ್ ಬಾ.”

ಫೋನ್ ಇಟ್ಟ ಮೇಲೆ ಹೇಮಂತ ಅಲ್ಲೇ ಕುಳಿತ. ಯೋಚಿಸಲು ಹೆಚ್ಚೇನೂ ಇರಲಿಲ್ಲ. ಮುಳ್ಳು ನಿಂತಿತ್ತು. ಹಿರಿಯ ಫಿಟ್ಟರ್ ಸಹಿ ಹಾಕು ಎಂದಿದ್ದ. ಮನೆಯವರು ಕಾಯುತ್ತಿದ್ದರು. ಬೆಸುಗೆ ಚೆನ್ನಾಗಿಯೇ ಇರಬಹುದು, ಇಪ್ಪತ್ತು ವರ್ಷ ಏನೂ ಆಗದೆ ಇರಬಹುದು. ಆದರೆ ಅದರ ಹಿಂಭಾಗವನ್ನು ಅವನು ಕಣ್ಣಿನಿಂದ ನೋಡಿರಲಿಲ್ಲ. ಜಾಲರಿ ಇರುತ್ತದಲ್ಲ ಎಂಬ ಒಂದೇ ಧೈರ್ಯದ ಮೇಲೆ ಅವತ್ತು ಅದನ್ನು ಮುಚ್ಚಲು ಬಿಟ್ಟಿದ್ದ. ಕಿಂಡಿಯನ್ನು ಎರಡು ಪಟ್ಟು ಅಗಲ ಮಾಡಿಸಿದ್ದೂ ಅದಕ್ಕೇ. ಈಗ ಆ ಧೈರ್ಯವನ್ನು ಒಬ್ಬ ಮುದುಕಿ ಬೆಲ್ಲ ಇಟ್ಟು, ಟಾರ್ಚ್ ಬಿಟ್ಟು, ಬಹಳ ಎಚ್ಚರಿಕೆಯಿಂದ ಮುಚ್ಚಿಸಿದ್ದರು.

ನಾಳೆ ನಸುಕಿನಿಂದ ಒಲೆ ಉರಿಯುತ್ತದೆ. ಅಡುಗೆಮನೆಯಲ್ಲಿ ಏಳೆಂಟು ಜನ ಇರುತ್ತಾರೆ. ನಾಳೆ ಏನೂ ಆಗುವುದಿಲ್ಲ, ಅದು ಅವನಿಗೆ ಖಾತ್ರಿ. ಖಾತ್ರಿ ಇಲ್ಲದ್ದು ಐದು ವರ್ಷದ ನಂತರದ ಒಂದು ಮಂಗಳವಾರ. ಅಷ್ಟರಲ್ಲಿ ಅವನು ಪಟ್ಟಿಯಲ್ಲಿ ಹಳಬನಾಗಿರುತ್ತಾನೆ. ಕಪಾಟಿನ ಬಾಗಿಲಲ್ಲಿ ಅವನ ಹಾಳೆ ಇರುತ್ತದೆ, ಅದರಲ್ಲಿ ನಿಲ್ಲದೆ ಎಳೆದ ಗೆರೆ.

ಜಾಲರಿ ಬೇಕೇ ಬೇಕು ಎಂದು ಹಟ ಹಿಡಿಯಬಹುದಿತ್ತು. ಆದರೆ ಗೋಡೆಗೆ ತೂತು ಯಾಕೆ ಎಂಬ ಮುದುಕಿಯ ಪ್ರಶ್ನೆ ಒಂದೇ, ಅದಕ್ಕೆ ಇದ್ದ ನಿಜವಾದ ಉತ್ತರವೂ ಒಂದೇ.

ಎದ್ದು ಒಳಗೆ ಹೋದ. ಮೂವರೂ ಹಾಲಿನಲ್ಲಿದ್ದರು. ಶ್ರೀಪಾಲ್ ಪೆನ್ನು ತೆಗೆದು ಕೈಯಲ್ಲಿ ಹಿಡಿದಿದ್ದರು.

“ಗೋಡೆ ಒಳಗೆ ಒಂದು ಜಾಯಿಂಟ್ ಇದೆ ಸಾರ್,” ಎಂದ.

ಶ್ರೀಪಾಲ್‌ಗೆ ಅರ್ಥವಾಗಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಕಪಾಟು ತೆಗೆದು ಹಾಳೆ ನೋಡಿ ಬಂದರು. “ಇದರಲ್ಲಿ ಇಲ್ಲವಲ್ಲ?”

“ನಾನೇ ಬರ್ದಿಲ್ಲ. ಇರಬಾರದು ಅಂತ ರೂಲ್ಸ್ ಇದೆ. ಒಲೆ ಸರಿಸಿದಾಗ ಪೈಪ್ ಕಡಿಮೆ ಬಿತ್ತು. ಸೇರಿಸಿದೆ.”

“ನಾನವತ್ತು ಕೇಳಿದ್ನಲ್ರೀ!” ಎಂದರು ಜಿನಶ್ರೀ. “ತೊಂದರೆಯಾ ಅಂತ ಬಾಯ್ಬಿಟ್ಟು ಕೇಳ್ದೆ. ಏನೂ ಇಲ್ಲ ಮೇಡಂ ಅಂದ್ರಿ!”

“ಅಂದೆ.”

“ಅಂದೆ ಅಂತೆ! ನಾಳೆ ಬೆಳಿಗ್ಗೆ ಸಂಘ ಬರುತ್ತೆ, ಇವತ್ತು ಬಂದು ಅಂದೆ ಅಂತಾರೆ!”

“ಸುಮ್ನಿರೇ,” ಎಂದು ಜಿನಮತಿ ಸೊಸೆಗೆ ಹೇಳಿ, ಹೇಮಂತನ ಕಡೆ ತಿರುಗಿದರು. “ನಾನ್ ಕೇಳಿದಾಗ ಸೋರಲ್ಲ ಅಂದೆ.”

“ಸೋರ್ತಿಲ್ಲ ಅಜ್ಜಿ. ಆದ್ರೆ ಜಾಯಿಂಟ್ ಇದೆ. ಮುಂದೆ ಸೋರಲ್ಲ ಅಂತ ಹೇಳಕ್ಕಾಗಲ್ಲ.”

“ಇದನ್ನ ಮೊದ್ಲೇ ಹೇಳಿದ್ರೆ ಮುಚ್ಚಿಸ್ತಿರ್ಲಿಲ್ಲ.”

“ಇರುವೆಗೆ ಏನ್ ಮಾಡ್ತಿದ್ರಿ?”

“ಪೈಪೇ ಬೇಡ ಅಂತಿದ್ದೆ. ಎಲ್ಲೈತೆ, ತೋರ್ಸು.”

ಹೇಮಂತ ಅಳತೆ ಹಿಡಿದು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಚೌಕ ಗುರುತು ಹಾಕಿದ. ಶ್ರೀಪಾಲ್ ಫೋನ್ ಹಿಡಿದು ಹೊರಗೆ ಹೋದರು. ಏಜೆನ್ಸಿಗೆ ಅವರು ಹೇಳುತ್ತಿದ್ದದ್ದು ಕಿಟಕಿಯಲ್ಲಿ ಕೇಳಿಸುತ್ತಿತ್ತು. ಬೈಗುಳವಿರಲಿಲ್ಲ. ಒಲೆ ಸರಿಸಿದ್ದು ನಾವು, ಜಾಲರಿ ಮುಚ್ಚಿಸಿದ್ದು ನಾವು, ಜಾಯಿಂಟು ಮಾಡಿ ಹೇಳದೆ ಇದ್ದದ್ದು ನಿಮ್ಮವರು ಎಂದು, ಆದದ್ದು ಆದ ಕ್ರಮದಲ್ಲಿ, ಕಾಲೇಜಿನ ಟಿಪ್ಪಣಿ ಓದಿದ ಹಾಗೆ ಹೇಳಿದರು.

ಹೇಮಂತ ಬೋರ್ಡು ಕೊಯ್ದ. ಹೊಸ ಬಣ್ಣದ ಮೇಲೆ ಚಾಕು ಎಳೆದಾಗ ಜಿನಶ್ರೀ ಮುಖ ತಿರುಗಿಸಿ ಅಡುಗೆಮನೆಗೆ ಹೋದರು. ತುಂಡು ಕಳಚಿ ಬಂತು. ಒಳಗೆ ಹಳದಿ ಪೈಪು, ನಡುವೆ ಬರಿ ತಾಮ್ರದ ಕಪ್ಲರ್. ಸೋಪಿನ ನೀರು ಬಳಿದು ಕಾದ. ಒಂದು ಗುಳ್ಳೆಯೂ ಏಳಲಿಲ್ಲ. ಬೈಕಿನ ಕನ್ನಡಿ ಬಿಚ್ಚಿ ತಂದು, ಹಿಂದೆ ಹಿಡಿದು, ಟಾರ್ಚ್ ಬಿಟ್ಟು ನೋಡಿದ. ಬೆಸುಗೆ ಸುತ್ತಲೂ ಸಮವಾಗಿ ಕೂತಿತ್ತು, ಉಂಗುರದ ಹಾಗೆ. ಸ್ವಾಮಿಯ ಬೆಸುಗೆಗಿಂತ ಚೆನ್ನಾಗಿತ್ತು.

“ಸರಿಯಾಗೇ ಇದೆಯಲ್ಲ?” ಎಂದು ಬಾಗಿಲಲ್ಲಿ ನಿಂತು ಜಿನಶ್ರೀ ಕೇಳಿದರು.

“ಇದೆ.”

“ಮತ್ಯಾಕೆ ಕೊಯ್ದ್ರಿ ಗೋಡೆನ?”

“ನೋಡಿರ್ಲಿಲ್ಲ ಮೇಡಂ.”

ಜಿನಶ್ರೀ ಪೊರಕೆ ತಂದು ನೆಲಕ್ಕೆ ಬಿದ್ದ ಬಿಳಿ ಪುಡಿ ಗುಡಿಸತೊಡಗಿದರು.

*

ಸ್ವಾಮಿ ಎರಡು ಗಂಟೆಗೆ ಬಂದ. ಬೈಕಿನ ಹಿಂದೆ ಹಾಸನದಿಂದ ತಂದ ಹೊಸ ಸುರುಳಿ ಕಟ್ಟಿಕೊಂಡಿದ್ದ. ಹೇಮಂತನ ಮುಖ ನೋಡದೆ ಒಳಗೆ ಹೋಗಿ, ಗೋಡೆಯ ತೂತು ನೋಡಿ, ಶ್ರೀಪಾಲ್ ಅವರ ಹತ್ತಿರ ಮಾತಾಡಿದ. ಗೋಡೆಯೊಳಗಿನ ಪೈಪಿನ ಎರಡೂ ತುದಿ ಕತ್ತರಿಸಿ ಮುಚ್ಚಿಬಿಡುವುದು. ಹೊಸ ಪೈಪು ಮನೆಯ ಹೊರಗೆ, ಮುಂಬಾಗಿಲ ಮೇಲಿಂದ, ಕ್ಲಿಪ್ಪಿನ ಮೇಲೆ, ಎಲ್ಲರಿಗೂ ಕಾಣುವಂತೆ ಓಡಿ, ಒಲೆಯ ಪಕ್ಕದ ಗೋಡೆಯಲ್ಲಿ ಒಳಗೆ ಬರುವುದು.

“ಬಾಗಿಲ ಮೇಲೆ ಹಳದಿ ಪೈಪು!” ಎಂದರು ಜಿನಶ್ರೀ.

“ತೋರಣ ಕಟ್ಟಿದ್ರೆ ಕಾಣಲ್ಲ ಬಿಡಿ ಮೇಡಂ,” ಎಂದ ಸ್ವಾಮಿ.

“ತೂತೇನೂ ಬೇಡ ತಾನೆ?” ಎಂದು ಜಿನಮತಿ ಕೇಳಿದರು.

“ಬೇಡಮ್ಮ.”

“ಮೊದ್ಲೇ ಹಿಂಗ್ ಮಾಡಿದ್ರೆ ಆಗ್ತಿತ್ತು.”

ಕೆಲಸ ಶುರುವಾಯಿತು. ಸ್ವಾಮಿ ಏಣಿಯ ಮೇಲೆ, ಹೇಮಂತ ಕೆಳಗೆ ಪೈಪು ನೆಟ್ಟಗೆ ಮಾಡಿ ಕೊಡುತ್ತಾ. ಹದಿಮೂರು ದಿನದ ಹಿಂದಿನವರೆಗೆ ನಾಲ್ಕು ವರ್ಷ ಹೇಗಿತ್ತೋ ಹಾಗೆ. ಎರಡು ಕ್ಲಿಪ್ಪು ಹೊಡೆದ ಮೇಲೆ ಸ್ವಾಮಿ ಬಾಯಿಬಿಟ್ಟ.

“ಹೇಳ್ದೆ ಇದ್ದಿದ್ರೆ ಯಾರಿಗ್ ಗೊತ್ತಾಗ್ತಿತ್ತೋ ಗೂಬೆ?”

“ಯಾರಿಗೂ ಇಲ್ಲ.”

“ಮತ್ತೆ?”

“ಜಾಲರಿ ಇದ್ದಿದ್ರೆ ಹೇಳ್ತಿರ್ಲಿಲ್ಲ ಅಣ್ಣ.”

ಸ್ವಾಮಿ ಡ್ರಿಲ್ಲು ನಿಲ್ಲಿಸಿ ಕೆಳಗೆ ನೋಡಿದ. “ನನಗೊಂದ್ ಮಾತ್ ಹೇಳ್ಬೇಕು ತಾನೆ? ಸುರುಳಿ ಸಾಲ್ಲಿಲ್ಲ ಅಂತ ಒಂದ್ ಫೋನ್? ನಿನ್ ಹೆಸರು ಹೇಳಿದ್ದು ನಾನು. ಏಜೆನ್ಸಿ ಯಜಮಾನ್ರು ನನ್ ಮುಖ ನೋಡಿದ್ ರೀತಿ ನೀನ್ ನೋಡ್ಬೇಕಿತ್ತು.”

“ಫೋನ್ ಮಾಡಿದ್ರೆ ಇವನಿಗ್ ಅಳತೆ ಬರಲ್ಲ ಅಂತಿದ್ರಿ.”

“ಅಂತಿದ್ದೆ.” ಅವನು ಇನ್ನೊಂದು ತೂತು ಕೊರೆದ. ಇಟ್ಟಿಗೆಯ ಪುಡಿ ಹೇಮಂತನ ತಲೆಯ ಮೇಲೆ ಬಿತ್ತು. “ಪಟ್ಟಿ ವಿಷ್ಯ ಮರ್ತುಬಿಡು. ಈ ವರ್ಷ ಅಂತೂ ಇಲ್ಲ. ಮುಂದಿನ್ ವರ್ಷ ಯಜಮಾನ್ರು ಮರ್ತಿದ್ರೆ ನೋಡಾಣ. ಅವರೋ, ಮರೆಯೋ ಪೈಕಿ ಅಲ್ಲ.”

ಹೇಮಂತ ಪೈಪು ಬಗ್ಗಿಸುತ್ತಿದ್ದ. ಬಾಗುವ ಕಡೆ ಸೊಟ್ಟಗಾಗದಂತೆ ಒಳಗೆ ಸ್ಪ್ರಿಂಗ್ ತೂರಿಸಿ, ಮೊಣಕಾಲಿಗೆ ಒತ್ತಿ.

“ಇಷ್ಟ್ ವರ್ಷದಲ್ಲಿ,” ಎಂದ ಸ್ವಾಮಿ, ಡ್ರಿಲ್ಲಿನ ಕಡೆಯೇ ನೋಡುತ್ತಾ, “ಇಂಥ ಜಾಯಿಂಟು ನನ್ನವೂ ಎಷ್ಟ್ ಗೋಡೆಲಿ ಅವೆಯೋ.”

“ಯಾವ ಮನೆಲಿ ಅಣ್ಣ?”

ಸ್ವಾಮಿ ಮತ್ತೆ ಡ್ರಿಲ್ಲು ಒತ್ತಿದ.

“ನಾನ್ ಬಂದ್ಮೇಲಿನ ಕೆಲಸದಲ್ಲಿ ಇಲ್ಲ,” ಎಂದ ಹೇಮಂತ. “ನಾನೇ ಪೈಪ್ ಹಿಡಿದಿದ್ದು. ಅದಕ್ ಮುಂಚಿನವು. ಯಾವ ಮನೆ?”

“ಪೈಪ್ ಹಿಡ್ಕೋ.”

“ಹೇಳಿದ್ರೆ ಹೋಗಿ ನೋಡ್ಬಹುದು. ಜಾಲರಿ ಇದೆಯೋ ಇಲ್ವೋ ಅಂತ.”

“ಹಿಡ್ಕೋ ಅಂದೆ.”

ಹೇಮಂತ ಹಿಡಿದುಕೊಂಡ.

ನಾಲ್ಕೂವರೆಗೆ ಒಲೆ ಹತ್ತಿತು. ಜಿನಮತಿ ಅದರ ಮುಂದೆ ಪೂರ್ವಕ್ಕೆ ಮುಖ ಮಾಡಿ ನಿಂತು, ನೀಲಿ ಉರಿಯನ್ನು ಒಂದು ಸಲ ನೋಡಿ, ಆರಿಸಿದರು. ಇನ್ನು ಅಡುಗೆಮನೆ ತೊಳೆಯಬೇಕಿತ್ತು, ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕಿತ್ತು. ಜಿನಶ್ರೀ ಆಗಲೇ ಬಕೆಟ್ಟು ಹಿಡಿದು, ಫಿಟ್ಟರುಗಳು ಯಾವಾಗ ಹೊರಗೆ ಹೋಗುತ್ತಾರೆಂದು ಕಾಯುತ್ತಿದ್ದರು. ಹಾಲಿನ ಗೋಡೆಯಲ್ಲಿ ಕೊಯ್ದ ಚೌಕ ಹಾಗೇ ಇತ್ತು. ಜಿನಮತಿ ಅದರ ಮುಂದೆ ಬೆಲ್ಲದ ಒಂದು ಚೂರು ಇಡಿಸಿ, ಒಂದು ತೆಳು ಬಟ್ಟೆ ಇಳಿಬಿಡಿಸಿದ್ದರು.

ಹೊರಗೆ ಜಗಲಿಯ ಮೇಲೆ ಶ್ರೀಪಾಲ್ ಫಾರಂ ತುಂಬಿಸಿದರು. ಗ್ರಾಹಕರ ಅಭಿಪ್ರಾಯ ಎಂದಿದ್ದ ಕಡೆ ಗುಂಡಾದ ಅಕ್ಷರಗಳಲ್ಲಿ ನಾಲ್ಕು ಸಾಲು ಬರೆದು ಸ್ವಾಮಿಯ ಕೈಗೆ ಕೊಟ್ಟರು. ಸ್ವಾಮಿ ಓದಿದ.

“ಸಾರ್, ಈ ಎರಡನೇ ಸಾಲು ಬೇಕಾ? ಜಾಯಿಂಟ್ ಮುಚ್ಚಿಟ್ಟಿದ್ದರು ಅನ್ನೋದು? ಹುಡುಗನ ಹೊಟ್ಟೆಪಾಡು.”

“ಆಗಿದ್ದು ತಾನೆ?”

“ಆಗಿದ್ದು.”

“ಇರಲಿ ಹಾಗಿದ್ರೆ. ಸುಳ್ಳು ಬರೆದು ನಾಳೆ ನಾನು ಮುನಿಗಳನ್ನ ಎದುರುಗೊಳ್ಳೋಕೆ ಕಲಶ ಹಿಡಿದು ಬಾಗಿಲಲ್ಲಿ ನಿಲ್ಲಲಾ? ಮೂರನೇ ಸಾಲೂ ಬರೆದಿದೀನಿ ನೋಡಿ. ಯಾರೂ ಕೇಳದೆ ಅವರೇ ಬಂದು ಹೇಳಿದರು ಅಂತ.”

“ಮೂರನೇ ಸಾಲು ಯಾರೂ ಓದಲ್ಲ ಸಾರ್.”

ಶ್ರೀಪಾಲ್ ಫಾರಂ ವಾಪಸ್ ತೆಗೆದುಕೊಂಡು, ಮೂರನೇ ಸಾಲಿನ ಕೆಳಗೆ ಗೆರೆ ಎಳೆದು ಕೊಟ್ಟರು. ಸ್ವಾಮಿ ಫಿಟ್ಟರ್ ಎಂದಿದ್ದ ಜಾಗದಲ್ಲಿ ಸಹಿ ಹಾಕಿದ.

“ಇವರ ಸಹಿ ಎಲ್ಲಿ?” ಎಂದು ಶ್ರೀಪಾಲ್ ಹೇಮಂತನ ಕಡೆ ಪೆನ್ನು ತೋರಿಸಿ ಕೇಳಿದರು. “ಕೆಲಸ ಇಬ್ಬರೂ ಮಾಡಿದ್ರಲ್ಲ.”

“ಸಹಾಯಕರಿಗೆ ಇದರಲ್ಲಿ ಜಾಗ ಇಲ್ಲ ಸಾರ್,” ಎಂದು ಸ್ವಾಮಿ ಫಾರಂ ಮಡಿಸಿ ಜೇಬಿಗಿಟ್ಟುಕೊಂಡ. ಹೇಮಂತ ಪಂಪು, ಗೇಜು ಚೀಲಕ್ಕೆ ತುಂಬಿ, ಕನ್ನಡಿಯನ್ನು ಬೈಕಿಗೆ ಸಿಕ್ಕಿಸತೊಡಗಿದ.